ತಳಿಗೆ ಹೆಸರಿಡುವುದು

"ಹಂದಿ ಕಂಪನಿಯದು, ಮೇವು ಕಂಪನಿಯದು,
ನಾತ ಮಾತ್ರ ನಮ್ಮದು," ಅಂತ ನಗುತ್ತಿದ್ದಳು ನೆಲ್ಸಿ, ಹೋದ ವರ್ಷ.
ಈ ಸಲ ನಗಲಿಲ್ಲ.

ಸಾಂತಾ ಕತರೀನಾದ ಪಡುವಣ ಗುಡ್ಡ, ಜುಲೈ ಚಳಿ,
ಅರೌಕಾರಿಯ ಮರಗಳು ಮಂಜಿನೊಳಗೆ ಕೊಡೆ ಬಿಚ್ಚಿ ನಿಂತಿವೆ.
ಸುಣ್ಣದ ನೀರಿಗೆ ಬೂಟು ಅದ್ದಿ ಶೆಡ್ಡಿನೊಳಗೆ ಹೋದೆ.
ನಾನ್ನೂರ ಹದಿನೇಳನೆಯ ತಾಯಿಹಂದಿ
ಎದ್ದು ನಿಲ್ಲಲಿಲ್ಲ. ಮೂತಿಯ ತುದಿಗೆ ಒಂದು ಬೊಬ್ಬೆ,
ಗೊರಸಿನ ಸಂದಿಯಲ್ಲಿ ಇನ್ನೊಂದು, ಒಡೆದದ್ದು.
ಕೆಂಪು ದೀಪದ ಕೆಳಗೆ ಮೂರು ದಿನದ ಮರಿಗಳು,
ಒಂದರ ಮೇಲೊಂದು, ಒದ್ದೆ.
"ಸೋಮವಾರ ಬಂತು," ಅಂದಳು.
ಏನು ಬಂತು ಅನ್ನಲಿಲ್ಲ. ಕಾಲುಬಾಯಿ ಎಂಬ ಮಾತನ್ನು
ಆ ಗುಡ್ಡದಲ್ಲಿ ಯಾರೂ ಬಾಯಿಗೆ ತರುವುದಿಲ್ಲ;
ತಂದರೆ ಬಂದರಿನಲ್ಲಿ ಹಡಗು ನಿಲ್ಲುತ್ತದೆ.

ಬೊಬ್ಬೆಯ ನೀರು, ಎರಡು ಹನಿ.
ಐಸ್ ಪೆಟ್ಟಿಗೆ ಮಡಿಲಲ್ಲಿ, ಆರು ತಾಸು ಬಸ್ಸು.

ಕಾಲುಬಾಯಿ ಅಲ್ಲ, ಎರಡೇ ದಿನಕ್ಕೆ ತಿಳಿಯಿತು.
ಅಲ್ಲ ಅನ್ನುವುದು ಸುಲಭ. ಮತ್ತೇನು ಅನ್ನಲು
ಅದು ನಮ್ಮ ಕಣ್ಣೆದುರು ಬದುಕಬೇಕು,
ಬದುಕಲು ಅದಕ್ಕೊಂದು ಮನೆ ಬೇಕು.
ನಮ್ಮಲ್ಲಿ ಹಂದಿಯ ಮೂತ್ರಪಿಂಡದ ಕೋಶಗಳಿವೆ:
ನನ್ನ ಅಮ್ಮ ಹುಟ್ಟುವ ಮೊದಲೇ ಸತ್ತ
ಯಾವುದೋ ಒಂದು ಹಂದಿಯವು.
ಅದರ ಮಾಂಸ ಉಂಡವರೂ ಈಗ ಉಳಿದಿರಲಾರರು.
ಇವು ಮಾತ್ರ ಬಾಟಲಿಯ ತಳದಲ್ಲಿ, ಗುಲಾಬಿ ಬಣ್ಣದ ನೀರಿನಡಿ,
ಅಂಗಳಕ್ಕೆ ಹಾಸಿದ ಕಲ್ಲಿನ ಹಾಗೆ ಒತ್ತೊತ್ತಾಗಿ,
ವಾರಕ್ಕೆರಡು ಸಲ ಪಾಲಾಗುತ್ತ, ಇನ್ನೂ.

ಸೋಸಿದ ಹನಿಯನ್ನು ಅವುಗಳ ಮೇಲೆ ಬಿಟ್ಟೆ.
ಮೊದಲ ಸಲ ಏನಿಲ್ಲ.
ಎರಡನೆಯ ಸಲ ಏನಿಲ್ಲ. ಬಸ್ಸಲ್ಲಿ ಐಸ್ ಕರಗಿತ್ತೇನೋ ಅಂದ ಅದೆಮಿರ್,
ನಾನೇ ಕರಗಿಸಿದೆನೆಂಬ ಹಾಗೆ.
ಮೂರನೆಯ ಸಲ, ಗುರುವಾರ, ರಾತ್ರಿ ಹತ್ತೂಕಾಲು:
ಅಂಚಿನ ಕೋಶವೊಂದು ಪಕ್ಕದ್ದರ ಕೈಬಿಟ್ಟು
ದುಂಡಗಾಗಿತ್ತು. ಆಮೇಲೆ ಪಕ್ಕದ್ದು. ಬೆಳಗಿನೊಳಗೆ
ಹಾಸು ಹರಿದು ಚಿಂದಿ ಚಿಂದಿ ತೇಲುತ್ತಿತ್ತು.
"ಬಂತು!" ಅಂತ ಕೂಗಿದೆ.
ಕೂಗಿದ ಮೇಲೆ ಕೇಳಿಸಿತು,
ಅದು ನೆಲ್ಸಿಯ ಮಾತು.

ಏಳು ಸಾವಿರದ ಇನ್ನೂರ ಚಿಲ್ಲರೆ ಅಕ್ಷರ.
ನಾಲ್ಕೇ ಅಕ್ಷರದ ವರ್ಣಮಾಲೆ, ಒತ್ತಿಲ್ಲ, ದೀರ್ಘವಿಲ್ಲ,
ನಡುವೆ ಎಲ್ಲೂ ಉಸಿರು ತೆಗೆಯದ ಒಂದೇ ವಾಕ್ಯ.
ಓದಿ, ವಂಶವೃಕ್ಷ ಬರೆದೆವು. ಹತ್ತಿರದ ನಂಟರೆಲ್ಲ
ಸಮುದ್ರದಾಚೆ; ನೂರಕ್ಕೆ ತೊಂಬತ್ತಾರು ಪಾಲು ಒಂದೇ ಮಾತು.
ಯಾವ ಬೂಟಿನಲ್ಲಿ ದಾಟಿತು, ಯಾವ ಚೀಲದ ಹೊಲಿಗೆಯಲ್ಲಿ,
ಮರ ಹೇಳುವುದಿಲ್ಲ. ಕೊಂಬೆ ಕವಲೊಡೆದ ಜಾಗ ತೋರಿಸಿ
ಸುಮ್ಮನಾಗುತ್ತದೆ.
ನನ್ನ ಅಜ್ಜನ ಅಜ್ಜ ವೆನೆತೋದಿಂದ ಹಡಗು ಹತ್ತಿ ಬಂದವನು.
ಅವನ ಅಪ್ಪನ ಹೆಸರು ನಮ್ಮಲ್ಲಿ ಯಾರಿಗೂ ಗೊತ್ತಿಲ್ಲ.

ಹೆಸರಿಡಲು ಒಂದು ಪದ್ಧತಿಯಿದೆ:
ಪ್ರಾಣಿ, ದೇಶ, ಊರು, ಸಂಖ್ಯೆ, ವರ್ಷ.
ಫೋನು ಮಾಡಿದೆ. ನೆಲ್ಸಿ ತುಂಬ ಹೊತ್ತು ಮಾತಾಡಲಿಲ್ಲ,
ಹಿಂದೆ ಶೆಡ್ಡು ತೊಳೆಯುವ ನೀರಿನ ಸದ್ದು.
"ಊರ ಹೆಸರು ಬೇಡ ಮಗಳೇ.
ನಮಗಿರುವುದು ಅದೊಂದು. ಇಗರ್ಜಿಯ ಗಂಟೆಯ ಮೇಲಿದೆ, ಸಾಕು.
ಆ ಹಂದಿಯ ನಂಬರು ಹಾಕಿಕೋ,
ಅದಕ್ಕೇನೂ ಬೇಜಾರಿಲ್ಲ."

ಹಾಕಿದೆ. ಊರಿನ ಜಾಗದಲ್ಲಿ ಒಂದು ಗೆರೆ,
ಪರಿಶೀಲಕರು ಅದೇಕೆ ಖಾಲಿ ಅಂತ ಎರಡು ಸಲ ಕೇಳಿದರು.

ನಾನ್ನೂರ ಹದಿನೇಳು ಹದಿನೈದೇ ದಿನಕ್ಕೆ ವಾಸಿಯಾಗಿ
ಮೇವಿಗೆ ಬಾಯಿ ಹಾಕಿತಂತೆ.
ಮರಿಗಳ ಲೆಕ್ಕ ಕಂಪನಿಯ ಪುಸ್ತಕದಲ್ಲಿದೆ,
ನಷ್ಟದ ಸಾಲಿನಲ್ಲಿ, ನೆಲ್ಸಿಯ ಪೂರ್ತಿ ಹೆಸರಿನೆದುರು.
ಅಲ್ಲಿ ಊರೂ ಇದೆ.